ಡ್ರೋನ್ ಯಾಕೆ ಮಾತು ಕೇಳಲ್ಲ? ಸಿಗ್ನಲ್, ಸ್ಯಾಟಲೈಟ್, ಕಂಪಾಸ್, ಕ್ಯಾಮೆರಾ ಕೈಕೊಡೋದು ಹೇಗೆ

ನಮ್ಮ ಹೊಂಗನೂರು ಸುತ್ತಮುತ್ತ ಔಷಧಿ ಹೊಡೆಯೋ ಡ್ರೋನ್ ಈಗ ಯಾರಿಗೂ ಹೊಸದಲ್ಲ. ಬಾಡಿಗೆಗೆ ಬರುತ್ತೆ, 10 ಲೀಟರ್ ಟ್ಯಾಂಕು ತುಂಬಿಸಿದ್ರೆ ಹತ್ತು ನಿಮಿಷದೊಳಗೆ ಒಂದು ಎಕರೆ ಮುಗಿಸುತ್ತೆ. ಬೆನ್ನಿಗೆ ಪಂಪ್ ಹೊತ್ತು ತಿರುಗೋರಿಗೆ ಇದರ ಬೆಲೆ ಗೊತ್ತು. ಆದ್ರೆ ಬದುವಿನ ಮೇಲೆ ನಿಂತು ನೋಡೋ ಹುಡುಗರು ಕೇಳೋ ಮೊದಲ ಪ್ರಶ್ನೆ ಬಾಡಿಗೆ ಎಷ್ಟು ಅಂತ ಅಲ್ಲ. "ಅಣ್ಣ, ಅದು ಕೈತಪ್ಪಿ ಹೋದ್ರೆ ಏನ್ ಗತಿ?" ಅಂತ. ಸರಿಯಾದ ಪ್ರಶ್ನೆ. ಈ ವಾರ ಅದನ್ನೇ ನೋಡೋಣ.

ನಮ್ಮ ಕಡೆ ಈ ಪ್ರಶ್ನೆಗೆ ಬೇರೆ ಊರುಗಳಿಗಿಂತ ಹೆಚ್ಚು ತೂಕ ಇದೆ. ಕಾರಣ ಹಿಪ್ಪುನೇರಳೆ. ಚನ್ನಪಟ್ಟಣ, ರಾಮನಗರ, ಕನಕಪುರ, ಮಾಗಡಿ, ಯಾವ ಕಡೆ ಹೋದ್ರೂ ಟೊಮ್ಯಾಟೊ ಪಕ್ಕದಲ್ಲಿ ಸೊಪ್ಪಿನ ತೋಟ, ಮಾವಿನ ಪಕ್ಕದಲ್ಲಿ ಹುಳು ಮನೆ. ಡ್ರೋನ್ 30 ಮೀಟರ್ ಪಕ್ಕಕ್ಕೆ ಜಾರಿದ್ರೆ ಸೊಪ್ಪಿನ ಮೇಲೆ ಏನು ಬೀಳುತ್ತೆ ಯೋಚಿಸಿ. ರಾಸಾಯನಿಕ ಬಿದ್ರೆ ಹುಳು ಸಾಯುತ್ತೆ ಅಂತ ಎಲ್ಲರಿಗೂ ಗೊತ್ತು. ನಾವು ಸಾವಯವದವರು ಬಳಸೋದೂ ಹುಳುವಿಗೆ ಸುರಕ್ಷಿತ ಅಲ್ಲ, ಇದು ಬಹಳ ಜನಕ್ಕೆ ಗೊತ್ತಿಲ್ಲ. ಬೇವಿನ ಅಜಾಡಿರಾಕ್ಟಿನ್ ಹುಳು ಜ್ವರ ಬಿಡೋದನ್ನೇ ಕೆಡಿಸುತ್ತೆ. ಬಿಟಿ ಅಂತ ಕರೆಯೋ ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಅನ್ನು 1901ರಲ್ಲಿ ಜಪಾನಿನಲ್ಲಿ ಮೊದಲು ಕಂಡಿದ್ದೇ ಸತ್ತ ರೇಷ್ಮೆ ಹುಳುಗಳಲ್ಲಿ. ಬ್ಯುವೇರಿಯಾ ಬ್ಯಾಸಿಯಾನಾ ಅಂತೂ ಸುಣ್ಣಕಟ್ಟು ರೋಗದ ಶಿಲೀಂಧ್ರವೇ. 1835ರಲ್ಲಿ ಈ ರೋಗದ ಮೂಲ ತೋರಿಸಿಕೊಟ್ಟ ಇಟಲಿಯ ಅಗಸ್ಟಿನೋ ಬ್ಯಾಸಿ ಹೆಸರೇ ಅದಕ್ಕೆ ಅಂಟಿಕೊಂಡಿದೆ. ನಮಗೆ ಜೈವಿಕ ಔಷಧಿ, ಪಕ್ಕದ ಮನೆಗೆ ಇಡೀ ಬೆಳೆ ಹೋಗೋ ಕಾಯಿಲೆ. ಹಿಪ್ಪುನೇರಳೆ ಹತ್ತಿರ ಇರೋ ಜಮೀನಿನಲ್ಲಿ ಬ್ಯುವೇರಿಯಾವನ್ನ ಡ್ರೋನ್‌ನಲ್ಲಿ ಹಾರಿಸಲೇಬೇಡಿ ಅನ್ನೋದು ನನ್ನ ಖಡಾಖಂಡಿತ ಅಭಿಪ್ರಾಯ. ಎಷ್ಟೇ ಒಳ್ಳೆ ಪೈಲಟ್ ಇರಲಿ.

ಡ್ರೋನ್‌ಗೆ ತಾನೆಲ್ಲಿದೀನಿ ಅಂತ ಹೇಗೆ ಗೊತ್ತಾಗುತ್ತೆ?

ಕೈತಪ್ಪೋದು ಅರ್ಥ ಆಗಬೇಕಾದ್ರೆ ಮೊದಲು ಕೈಯಲ್ಲಿರೋದು ಏನು ಅಂತ ತಿಳ್ಕೋಬೇಕು. ರಿಮೋಟ್‌ನಿಂದ ಹೋಗೋ ರೇಡಿಯೋ ಸಿಗ್ನಲ್ ಅದಕ್ಕೆ ನಿಮ್ಮ ಮಾತು. ಸ್ಯಾಟಲೈಟ್‌ನಿಂದ ಬರೋದು ಅದರ ಜಾಗ. ಕಂಪಾಸ್ ಅದರ ಮುಖ ಯಾವ ಕಡೆ ಅಂತ ಹೇಳುತ್ತೆ. ಕ್ಯಾಮೆರಾ, ರೇಡಾರ್ ಎರಡೂ ನೆಲ ಮತ್ತು ಅಡ್ಡ ಇರೋದನ್ನ ನೋಡ್ತವೆ. ಇದರ ಜೊತೆಗೆ ಒಳಗೊಂದು ಸಮತೋಲನ ಸೆನ್ಸರ್ ಇದೆ. ಅದು ಹೊರಗಿನ ಯಾವುದನ್ನೂ ಕೇಳಲ್ಲ, ಡ್ರೋನ್ ಮಗುಚದ ಹಾಗೆ ನೋಡ್ಕೊಳ್ಳುತ್ತೆ.

ಇದರಲ್ಲಿ ಯಾವುದು ಹೋಯ್ತು ಅನ್ನೋದರ ಮೇಲೆ ನೀವು ಏನು ಮಾಡಬೇಕು ಅನ್ನೋದು ಪೂರ್ತಿ ಬದಲಾಗುತ್ತೆ. ರಿಮೋಟ್ ಸಿಗ್ನಲ್ ಹೋದ್ರೆ ಡ್ರೋನ್ ತಾನೇ ಮನೆಗೆ ಬರುತ್ತೆ, ಯಾಕಂದ್ರೆ ಸ್ಯಾಟಲೈಟ್ ಇದೆ. ಸ್ಯಾಟಲೈಟ್ ಹೋದ್ರೆ ಮನೆಗೆ ಬರಲ್ಲ, ಗಾಳಿ ಬಂದ ಕಡೆ ತೇಲುತ್ತೆ. ಆದ್ರೆ ರಿಮೋಟ್ ಮಾತು ಕೇಳುತ್ತೆ, ನೀವೇ ತರಬಹುದು. ಎರಡೂ ಒಟ್ಟಿಗೆ ಹೋದ್ರೆ ಮಾತ್ರ ನಿಮ್ಮ ಕೈಯಲ್ಲಿ ಏನೂ ಇಲ್ಲ, ಇದ್ದಲ್ಲೇ ಇಳಿಯೋಕೆ ನೋಡುತ್ತೆ. ಗಂಟೆಗೆ ಸುಮಾರು 11 ಕಿಲೋಮೀಟರ್ ಗಾಳಿ ಅಂದ್ರೆ ಸೆಕೆಂಡಿಗೆ 3 ಮೀಟರ್. ಹಿಡಿತ ಇಲ್ಲದೆ ಹತ್ತು ಸೆಕೆಂಡ್ ತೇಲಿದ್ರೆ 30 ಮೀಟರ್‌ವರೆಗೂ ಹೋಗಬಹುದು. ಚೌಕವಾಗಿರೋ ಒಂದು ಎಕರೆಯ ಹೆಚ್ಚುಕಡಿಮೆ ಅರ್ಧ ಅಗಲ ಅದು.

ರಿಮೋಟ್ ಸಿಗ್ನಲ್: ಕಣ್ಣಿಗೆ ಕಂಡ್ರೆ ಸಾಲದು

ಬಹುಪಾಲು ಡ್ರೋನ್ ರಿಮೋಟ್ 2.4 ಗಿಗಾಹರ್ಟ್ಸ್ ಅಥವಾ 5.8 ಗಿಗಾಹರ್ಟ್ಸ್‌ನಲ್ಲಿ ಮಾತಾಡುತ್ತೆ. ಮನೆಯ ವೈಫೈ, ಬ್ಲೂಟೂತ್, ತೋಟದ ಮನೆಗೆ ಹಾಕಿರೋ ವೈರ್ ಇಲ್ಲದ ಸಿಸಿ ಕ್ಯಾಮೆರಾ, ಎಲ್ಲಾ ಇದೇ ಬೀದಿಯಲ್ಲಿ ಓಡಾಡ್ತವೆ. ಅದರ ಪಕ್ಕದ ಬೀದಿ 2300ರಿಂದ 2400 ಮೆಗಾಹರ್ಟ್ಸ್ ನಮ್ಮ 4ಜಿ ಟವರ್‌ಗಳದ್ದು. ಅದಕ್ಕೇ ಜಮೀನಿನ ಪಕ್ಕದಲ್ಲೇ ಟವರ್ ಇದ್ರೆ ರಿಮೋಟ್ ದೂರ ಎಳೆಯಲ್ಲ. ಇವತ್ತಿನ ರಿಮೋಟ್‌ಗಳು ಸೆಕೆಂಡಿಗೆ ಎಷ್ಟೋ ಸಲ ಚಾನೆಲ್ ಬದಲಾಯಿಸ್ತಾ ಗದ್ದಲ ತಪ್ಪಿಸಿಕೊಳ್ತವೆ, ಹಾಗಾಗಿ ವೈಫೈ ಒಂದರಿಂದಲೇ ಡ್ರೋನ್ ಬೀಳೋದು ಅಪರೂಪ. ಆದ್ರೆ ದೂರ ಕಮ್ಮಿ ಆಗೋದು ನಿಜ.

ನಮ್ಮ ಜಮೀನುಗಳಲ್ಲಿ ನಿಜವಾದ ಶತ್ರು ಎಲೆ ಮತ್ತು ಎತ್ತರ. 2.4 ಗಿಗಾಹರ್ಟ್ಸ್ ಅಲೆಯನ್ನ ನೀರು ಹೀರಿಕೊಳ್ಳುತ್ತೆ, ಎಲೆ ತುಂಬಾ ನೀರೇ. ಮಳೆ ನಿಂತ ಮೇಲಿನ ಒದ್ದೆ ಮಾವಿನ ತೋಪು ಸಿಗ್ನಲ್‌ಗೆ ಗೋಡೆ ಇದ್ದ ಹಾಗೆ.

ಎತ್ತರದ್ದು ಸ್ವಲ್ಪ ಗಮನ ಇಟ್ಟು ಓದಿ, ಇದನ್ನ ಬಾಡಿಗೆ ಪೈಲಟ್‌ಗಳಲ್ಲೂ ಕೆಲವರು ಹೇಳಲ್ಲ. ರೇಡಿಯೋ ಅಲೆ ದಾರ ಎಳೆದ ಹಾಗೆ ನೇರವಾಗಿ ಹೋಗಲ್ಲ. ರಿಮೋಟ್ ಮತ್ತು ಡ್ರೋನ್ ನಡುವೆ ಉದ್ದನೆ ಸೌತೆಕಾಯಿ ಆಕಾರದ ಖಾಲಿ ಜಾಗ ಅದಕ್ಕೆ ಬೇಕು, ನಡುವೆ ದಪ್ಪ, ತುದಿಯಲ್ಲಿ ಸಣ್ಣ. 300 ಮೀಟರ್ ದೂರಕ್ಕೆ ಆ ಸೌತೆಕಾಯಿಯ ನಡು ಸುತ್ತ 3 ಮೀಟರ್, 500 ಮೀಟರ್‌ಗೆ 4 ಮೀಟರ್ ಬೇಕಾಗುತ್ತೆ. ನೀವು ಬದುವಿನ ಮೇಲೆ ಕೂತು ರಿಮೋಟ್ ಮಡಿಲಲ್ಲಿಟ್ಟುಕೊಂಡು, ಡ್ರೋನ್ ಬೆಳೆಯ ಮೇಲೆ ಎರಡು ಮೂರು ಮೀಟರ್‌ನಲ್ಲಿ ಹೋಗ್ತಾ ಇದ್ರೆ ಆ ಜಾಗದ ಅರ್ಧ ನೆಲದೊಳಗೆ, ಬೆಳೆಯೊಳಗೆ ಹೋಗಿಬಿಡುತ್ತೆ. ಡ್ರೋನ್ ಕಣ್ಣಿಗೆ ಚೆನ್ನಾಗಿ ಕಾಣ್ತಾ ಇರುತ್ತೆ, ಸಿಗ್ನಲ್ ಮಾತ್ರ ಕಡ್ಡಿ ಕಡ್ಡಿ ಇಳೀತಾ ಹೋಗುತ್ತೆ. ಪರಿಹಾರ ಖರ್ಚಿಲ್ಲದ್ದು: ಎದ್ದು ನಿಂತ್ಕೊಳ್ಳಿ, ರಿಮೋಟ್ ಎದೆಯ ಎತ್ತರಕ್ಕೆ ಹಿಡೀರಿ, ಆದ್ರೆ ಟ್ರಾಲಿ ಮೇಲೆ ಹತ್ತಿ. ಉದ್ದನೆ ಜಮೀನಾದ್ರೆ ಒಂದು ತುದಿಯಲ್ಲಿ ನಿಲ್ಲೋ ಬದಲು ಮಧ್ಯದ ಬದುವಿಗೆ ಬನ್ನಿ, ದೂರ ಅರ್ಧ ಆಗುತ್ತೆ.

ಆಂಟೆನಾದ ತುದಿ ಡ್ರೋನ್ ಕಡೆ ತೋರಿಸಬೇಡಿ. ಬಂದೂಕಿನ ಹಾಗೆ ಗುರಿ ಇಡೋದು ಎಲ್ಲರ ಅಭ್ಯಾಸ, ಆದ್ರೆ ಕಡ್ಡಿ ಆಂಟೆನಾದ ತುದಿಯಿಂದ ಸಿಗ್ನಲ್ ತೀರಾ ಕಮ್ಮಿ ಹೊರಡುತ್ತೆ, ಪಕ್ಕದಿಂದ ಜಾಸ್ತಿ. ಆಂಟೆನಾದ ಪಕ್ಕ ಡ್ರೋನ್ ಕಡೆ ಇರಲಿ.

ಸಿಗ್ನಲ್ ಹೋಗಿ ಡ್ರೋನ್ ಮನೆಗೆ ಹೊರಟಾಗ ಇನ್ನೊಂದು ಗಂಡಾಂತರ ಇದೆ, ತೆಂಗು. ವಾಪಸ್ ಬರೋ ಎತ್ತರವನ್ನ ಮೊದಲೇ ಹಾಕಿರಬೇಕು. ಹಳೇ ತೆಂಗಿನ ಮರ 20ರಿಂದ 25 ಮೀಟರ್ ಇರುತ್ತೆ. ಸೆಟ್ಟಿಂಗ್‌ನಲ್ಲಿ 15 ಮೀಟರ್ ಇದ್ರೆ ಡ್ರೋನ್ ನೇರವಾಗಿ ಗರಿಯೊಳಗೇ ಬರುತ್ತೆ. ಹಾರಿಸೋ ಮೊದಲು ಜಮೀನಿನ ಅತಿ ಎತ್ತರದ ಮರ ಯಾವುದು ನೋಡಿ, ಅದಕ್ಕಿಂತ ಕನಿಷ್ಠ 5 ಮೀಟರ್ ಮೇಲೆ ಇಡಿ. ಹಾಗೇ ವಾಪಸ್ ಬರುವಾಗ ಪಂಪ್ ನಿಲ್ಲುತ್ತಾ ಅಂತ ಕೇಳಿ. ನಿಲ್ಲದಿದ್ರೆ ದಾರಿಯುದ್ದಕ್ಕೂ ಔಷಧಿ ಚೆಲ್ಲುತ್ತಾ ಬರುತ್ತೆ.

ಸ್ಯಾಟಲೈಟ್: ಆಕಾಶದಿಂದ ಬರೋ ಪಿಸುಮಾತು

ಜಿಪಿಎಸ್ ಸ್ಯಾಟಲೈಟ್‌ಗಳು 20,200 ಕಿಲೋಮೀಟರ್ ಎತ್ತರದಲ್ಲಿವೆ. ನೆಲಕ್ಕೆ ಬರೋ ಹೊತ್ತಿಗೆ ಆ ಸಿಗ್ನಲ್ ಎಷ್ಟು ಕ್ಷೀಣ ಅಂದ್ರೆ, ಒಂದು ವಾಟ್ ಅನ್ನು ಕೋಟಿ ಕೋಟಿ ಭಾಗ ಮಾಡಿ, ಅದರಲ್ಲಿ ಒಂದು ಭಾಗವನ್ನ ಮತ್ತೆ ನೂರು ಮಾಡಿದಷ್ಟು. ಜಾಗ ಲೆಕ್ಕ ಹಾಕೋಕೆ ಕನಿಷ್ಠ 4 ಸ್ಯಾಟಲೈಟ್ ಬೇಕು, ನೆಮ್ಮದಿಯಾಗಿ ಹಾರೋಕೆ ಅದಕ್ಕಿಂತ ತುಂಬಾ ಜಾಸ್ತಿ. ನಮ್ಮ ದೇಶದ್ದೇ ಆದ ನಾವಿಕ್ ವ್ಯವಸ್ಥೆಯೂ ಇದೆ. ಅದರ ಇಸ್ರೋ ನ್ಯಾವಿಗೇಷನ್ ಕೇಂದ್ರ ಇರೋದು ಬೆಂಗಳೂರು ಹೊರಗಿನ ಬ್ಯಾಲಾಳುವಿನಲ್ಲಿ, 2013ರಿಂದ ಕೆಲಸ ಮಾಡ್ತಿದೆ. ನಮ್ಮ ಮನೆ ಹಿತ್ತಲು ಅನ್ನಬಹುದು.

ಈ ಪಿಸುಮಾತು ಕೆಡೋದು ಎರಡು ತರ. ಜಾತ್ರೆಯಲ್ಲಿ ನಿಮ್ಮನ್ನ ಯಾರೋ ಕರೀತಿದ್ದಾರೆ, ಧ್ವನಿವರ್ಧಕದ ಗದ್ದಲದಲ್ಲಿ ಕೇಳಿಸಲ್ಲ. ಇದು ಜಾಮಿಂಗ್. ಅದೇ ಜಾತ್ರೆಯಲ್ಲಿ ಯಾರೋ ನಿಮ್ಮ ಅಪ್ಪನ ದನಿ ಅನುಕರಿಸಿ "ಬಾರೋ ಮಗ, ಈ ಕಡೆ" ಅಂತಾರೆ, ನೀವು ನಂಬಿ ಹೋಗ್ತೀರ. ಇದು ಸ್ಪೂಫಿಂಗ್. ಜಾಮಿಂಗ್ ಆದ್ರೆ ಡ್ರೋನ್‌ಗೆ ತನಗೆ ಗೊತ್ತಿಲ್ಲ ಅಂತ ಗೊತ್ತಾಗುತ್ತೆ, ಎಚ್ಚರಿಕೆ ಕೊಡುತ್ತೆ. ಸ್ಪೂಫಿಂಗ್‌ನಲ್ಲಿ ಎಲ್ಲಾ ಸರಿ ಇದೆ ಅಂದ್ಕೊಂಡೇ ತಪ್ಪು ದಾರಿಯಲ್ಲಿ ಹೋಗುತ್ತೆ.

2018ರ ಅಕ್ಟೋಬರ್‌ನಲ್ಲಿ ಹಾಂಕಾಂಗ್‌ನಲ್ಲಿ ಡ್ರೋನ್‌ಗಳ ಬೆಳಕಿನ ಪ್ರದರ್ಶನ ನಡೀತಿದ್ದಾಗ ಜಿಪಿಎಸ್ ಜಾಮ್ ಆಗಿ 46 ಡ್ರೋನ್ ಉದುರಿದವು. 2012ರಲ್ಲಿ ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದ ಟಾಡ್ ಹಂಫ್ರೀಸ್ ತಂಡ ಸುಳ್ಳು ಸಿಗ್ನಲ್ ಕೊಟ್ಟು, ಗಾಳಿಯಲ್ಲಿ ನಿಂತಿದ್ದ ಪುಟ್ಟ ಹೆಲಿಕಾಪ್ಟರ್ ಡ್ರೋನನ್ನ ನೆಲದ ಕಡೆ ಇಳಿಯೋ ಹಾಗೆ ಮಾಡಿ ತೋರಿಸ್ತು. ನಮ್ಮ ದೇಶದಲ್ಲಿ 2023ರ ನವೆಂಬರ್‌ನಿಂದ 2025ರ ಫೆಬ್ರವರಿವರೆಗೆ ಗಡಿ ಭಾಗದಲ್ಲಿ, ಮುಖ್ಯವಾಗಿ ಅಮೃತಸರ ಮತ್ತು ಜಮ್ಮು ಸುತ್ತ, ವಿಮಾನಗಳಿಗೆ 465 ಸಲ ಇಂಥ ಅಡಚಣೆ ಆಗಿದೆ ಅಂತ ಸರ್ಕಾರವೇ ಲೋಕಸಭೆಗೆ ಹೇಳಿದೆ.

ಹೊಂಗನೂರಿನಲ್ಲಿ ಟೊಮ್ಯಾಟೊಗೆ ಬೇವಿನೆಣ್ಣೆ ಹೊಡೆಯೋ ಡ್ರೋನನ್ನ ಯಾರೂ ಸ್ಪೂಫ್ ಮಾಡೋಕೆ ಬರಲ್ಲ, ಅದಕ್ಕೆ ಹೆದರಬೇಡಿ. ಜಾಮಿಂಗ್ ಮಾತ್ರ ಆಕಸ್ಮಿಕವಾಗಿ ಆಗಬಹುದು. ದೊಡ್ಡ ಗಣ್ಯರ ಭದ್ರತಾ ವಾಹನ ಸಾಲಿನಲ್ಲಿ ಜಾಮರ್ ಇರುತ್ತೆ. ಆ ದಿನ ಡ್ರೋನ್ ನಿಷೇಧದ ಆದೇಶವೂ ಇರಬಹುದು, ಬೆಂಗಳೂರು–ಮೈಸೂರು ಹೆದ್ದಾರಿ ಪಕ್ಕದವರು ಪತ್ರಿಕೆ ನೋಡ್ಕೊಳ್ಳಿ. ಇನ್ನೊಂದು, ಗಾಡಿಯ ಚಾರ್ಜರ್ ಸಾಕೆಟ್‌ಗೆ ಸಿಕ್ಕಿಸೋ ಜಿಪಿಎಸ್ ತಡೆಯೋ ಡಬ್ಬಿ. ಮಾಲೀಕರಿಗೆ ತಾನೆಲ್ಲಿದೀನಿ ಅಂತ ಗೊತ್ತಾಗಬಾರದು ಅಂತ ಚಾಲಕರು ಹಾಕ್ಕೊಳ್ಳೋದು. ಅಮೆರಿಕದ ನೆವಾರ್ಕ್ ವಿಮಾನ ನಿಲ್ದಾಣದಲ್ಲಿ ಇಂಥ ಒಂದೇ ಡಬ್ಬಿಯಿಂದ ನಿಲ್ದಾಣದ ಉಪಕರಣಕ್ಕೆ ತೊಂದರೆ ಆಗಿ, 2013ರಲ್ಲಿ ಆ ಚಾಲಕನಿಗೆ 31,875 ಡಾಲರ್ ದಂಡ ಬಿತ್ತು. ನಮ್ಮಲ್ಲೂ ಸರ್ಕಾರದ ಅನುಮತಿ ಇಲ್ಲದೆ ಜಾಮರ್ ಇಟ್ಕೊಳ್ಳೋದು ಅಪರಾಧ. ಆನೆ ಕಾವಲಿಗೋ ಪಕ್ಕದವನ ಡ್ರೋನ್ ಓಡಿಸೋಕೋ ಅಂತ ಯಾರಾದ್ರೂ ಮಾರೋಕೆ ಬಂದ್ರೆ ತಗೋಬೇಡಿ.

ಜನ ಮಾಡದಿದ್ರೂ ಆಕಾಶವೇ ಅಡ್ಡ ಬರುತ್ತೆ. 2024ರ ಮೇ 10, 11ರಂದು ಸೂರ್ಯನಿಂದ ಬಂದ ದೊಡ್ಡ ಬಿರುಗಾಳಿಗೆ ಅಮೆರಿಕದ ಮಧ್ಯಭಾಗದಲ್ಲಿ ಬಿತ್ತನೆ ಮಾಡ್ತಿದ್ದ ಜಿಪಿಎಸ್ ಟ್ರಾಕ್ಟರ್‌ಗಳು ಸಾಲು ತಪ್ಪಿದವು, ಎಷ್ಟೋ ರೈತರು ಕೆಲಸ ನಿಲ್ಲಿಸಿದರು. ಅಲ್ಲಿ ಇದು ಅಪರೂಪ. ನಮಗೆ ಇದರ ಇನ್ನೊಂದು ರೂಪ ಮಾಮೂಲು. ಭೂಮಿಯ ಕಾಂತೀಯ ಸಮಭಾಜಕ ಭಾರತದ ದಕ್ಷಿಣ ತುದಿಯ ಮೇಲೇ ಹಾದು ಹೋಗುತ್ತೆ. ಸೂರ್ಯ ಮುಳುಗಿದ ಮೇಲೆ ಮೇಲಿನ ವಾತಾವರಣದಲ್ಲಿ ಗುಳ್ಳೆಗಳ ಹಾಗೆ ಏರುಪೇರು ಎದ್ದು ಸ್ಯಾಟಲೈಟ್ ಸಿಗ್ನಲ್ ಮಿಣುಕೋಕೆ ಶುರು ಮಾಡುತ್ತೆ. ಮಾರ್ಚ್–ಏಪ್ರಿಲ್, ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಜಾಸ್ತಿ, ಸೂರ್ಯನ ಚಟುವಟಿಕೆ ಹೆಚ್ಚಿರೋ ವರ್ಷಗಳಲ್ಲಿ ಇನ್ನೂ ಜಾಸ್ತಿ. ಮೊಬೈಲ್ ಆ್ಯಪ್‌ಗಳಲ್ಲಿ ಕೆಪಿ ಅಂಕಿ ಕಮ್ಮಿ ಇದೆ, ಹಸಿರು ತೋರಿಸ್ತಿದೆ ಅಂತ ನಂಬಬೇಡಿ. ಆ ಅಂಕಿ ಇಡೀ ಭೂಮಿಯ ಕಾಂತೀಯ ಅಲುಗಾಟದ್ದು, ನಮ್ಮ ಸಂಜೆಯ ಗುಳ್ಳೆಗಳು ಶಾಂತ ದಿನಗಳಲ್ಲೂ ಏಳ್ತವೆ. ಜೇನು ಗೂಡಿಗೆ ಹೋದ ಮೇಲೆ ಹೊಡೆಯೋಣ ಅಂತ ನಾವು ಸಂಜೆ ಆರಿಸ್ಕೊಳ್ತೀವಿ, ಒಳ್ಳೇದೇ. ಆದ್ರೆ ಸೂರ್ಯ ಮುಳುಗೋದ್ರೊಳಗೆ ಡ್ರೋನ್ ಕೆಳಗಿರಲಿ.

ಕಂಪಾಸ್: ನಮ್ಮೂರಲ್ಲಿ ಅತಿ ಹೆಚ್ಚು ಕೈಕೊಡೋದು ಇದು

ಕಳೆದ ವರ್ಷ ನಮ್ಮ ಪಕ್ಕದ ಹೊಲಕ್ಕೆ ಬಾಡಿಗೆ ಡ್ರೋನ್ ಬಂದಿತ್ತು. ನಾನು ನೋಡ್ತಾ ನಿಂತಿದ್ದೆ. ಟ್ರಾಕ್ಟರ್ ಪಕ್ಕದಲ್ಲೇ, ಕಣದ ಕಾಂಕ್ರೀಟಿನ ಮೇಲೆ ಇಟ್ಟು ಎಬ್ಬಿಸಿದ್ರು. ಮೇಲೆದ್ದು ನಿಂತ ಡ್ರೋನ್ ನಿಂತಲ್ಲಿ ನಿಲ್ಲದೆ ಸುತ್ತೋಕೆ ಶುರು ಮಾಡ್ತು. ಮೊದಲು ಚಿಕ್ಕ ಸುತ್ತು, ಆಮೇಲೆ ದೊಡ್ಡದು, ಇನ್ನೂ ದೊಡ್ಡದು. ಆ ಕಡೆ ಸೊಪ್ಪಿನ ತೋಟ, ಅವರ ಮನೇಲಿ ನಾಲ್ಕನೇ ಜ್ವರ ಎದ್ದ ಹುಳು. ಪೈಲಟ್ ಹುಡುಗ ಪುಣ್ಯಕ್ಕೆ ಗಾಬರಿಯಾಗಲಿಲ್ಲ, ಜಿಪಿಎಸ್ ಮೋಡ್ ತೆಗೆದು ಕೈಯಲ್ಲೇ ಹಿಡಿದು ರಾಗಿ ಹೊಲದಲ್ಲಿ ಇಳಿಸಿದ. ಸೊಪ್ಪಿನ ಅಂಚಿನ ಎರಡು ಸಾಲಿನ ಮೇಲೆ ಹಾದುಹೋಗಿತ್ತು ಅನ್ನೋ ಅನುಮಾನಕ್ಕೇ ಆ ಮನೆಯವರು ಆ ಎರಡು ಸಾಲು ಕೊಯ್ಯಲಿಲ್ಲ.

ಆಗಿದ್ದು ಏನು ಅಂದ್ರೆ: ಕಾಂಕ್ರೀಟಿನೊಳಗಿನ ಕಬ್ಬಿಣದ ಸರಳು, ಟ್ರಾಕ್ಟರ್‌ನ ಕಬ್ಬಿಣ ಸೇರಿ ಕಂಪಾಸ್‌ಗೆ ಉತ್ತರವನ್ನ ತಪ್ಪಾಗಿ ತೋರಿಸಿದ್ವು. ಸ್ಯಾಟಲೈಟ್ "ನೀನು ಪೂರ್ವಕ್ಕೆ ಜಾರಿದೀಯ" ಅಂತು. ಡ್ರೋನ್ ಪಶ್ಚಿಮಕ್ಕೆ ಹೋಗೋಣ ಅಂತ ಹೊರಟಿತು, ಆದ್ರೆ ಅದರ ಪಶ್ಚಿಮವೇ ತಿರುಗಿಹೋಗಿತ್ತು. ಸರಿ ಮಾಡೋಕೆ ಹೋದಷ್ಟೂ ತಪ್ಪು ಬೆಳೀತಾ ಹೋಯ್ತು, ಅದೇ ಆ ಸುತ್ತು. ಇಂಥ ಹೊತ್ತಲ್ಲಿ "ಮನೆಗೆ ಬಾ" ಬಟನ್ ಒತ್ತಬೇಡಿ. ಮನೆಗೆ ಬರೋಕೂ ಅದು ಅದೇ ತಪ್ಪು ಕಂಪಾಸನ್ನೇ ನಂಬುತ್ತೆ. ಆಟಿ ಮೋಡ್, ಅಂದ್ರೆ ಸ್ಯಾಟಲೈಟ್ ಕಂಪಾಸ್ ಎರಡನ್ನೂ ಬಿಟ್ಟು ಸಮತೋಲನ ಮಾತ್ರ ಇಟ್ಕೊಳ್ಳೋ ಮೋಡ್‌ಗೆ ಹಾಕಿ, ನೀವೇ ಇಳಿಸಬೇಕು. ಆ ಮೋಡ್‌ನಲ್ಲಿ ಸ್ಟಿಕ್ ಬಿಟ್ರೆ ಡ್ರೋನ್ ನಿಲ್ಲಲ್ಲ, ಗಾಳಿಗೆ ತೇಲುತ್ತೆ. ಹಾಗಾಗಿ ಅದನ್ನ ಖಾಲಿ ಟ್ಯಾಂಕಿನಲ್ಲಿ, ಬಯಲಿನಲ್ಲಿ, ಕಲಿಸೋರ ಮುಂದೆ ಅಭ್ಯಾಸ ಮಾಡಿರಬೇಕು. ಬಾಡಿಗೆಗೆ ಕರೆಯೋರು ಕೇಳಬೇಕಾದ ಒಂದೇ ಪ್ರಶ್ನೆ ನಾನು ಆರಿಸೋದಾದ್ರೆ ಇದು: "ಜಿಪಿಎಸ್ ಇಲ್ಲದೆ ಇಳಿಸೋಕೆ ಬರುತ್ತಾ?"

ಬೋರ್‌ವೆಲ್ ಕೇಸಿಂಗ್, ತಗಡಿನ ಶೆಡ್ಡು, ಕಲ್ಲುಕಂಬಕ್ಕೆ ಕಟ್ಟಿದ ತಂತಿಬೇಲಿ, ಮೋರಿಯ ಮೇಲಿನ ಸ್ಲ್ಯಾಬ್, ಇವುಗಳಿಂದ ಹತ್ತು ಹೆಜ್ಜೆ ದೂರ, ಮಣ್ಣಿನ ಮೇಲೆ ಇಟ್ಟು ಎಬ್ಬಿಸಿ. ಕಂಪಾಸ್ ಕ್ಯಾಲಿಬ್ರೇಷನ್ ಮಾಡುವಾಗ ಜೇಬಿನ ಮೊಬೈಲ್, ಕೈಯ ಕಡಗ ತೆಗೆದಿಡಿ. ಹೈಟೆನ್ಷನ್ ಲೈನ್ ಕಂಪಾಸ್ ಕೆಡಿಸುತ್ತೆ ಅಂತ ಊರಲ್ಲಿ ಹೇಳೋದು ಸ್ವಲ್ಪ ಅತಿ. ಅದರ ಕರೆಂಟು ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಆಗೋದ್ರಿಂದ ಪರಿಣಾಮ ಬಹುಪಾಲು ಒಂದಕ್ಕೊಂದು ವಜಾ ಆಗಿಹೋಗುತ್ತೆ. ಅಲ್ಲಿ ಭಯ ಪಡಬೇಕಾದ್ದು ಟವರಿನ ಕಬ್ಬಿಣಕ್ಕೆ, ಕಣ್ಣಿಗೆ ಕಾಣದ ತಂತಿಗೆ. ನಿಜವಾಗಿ ಕಂಪಾಸ್ ಕೆಡಿಸೋದು ಡ್ರೋನ್‌ನ ಸ್ವಂತ ಬ್ಯಾಟರಿ ವೈರು. ತುಂಬಿದ ಟ್ಯಾಂಕ್ ಎತ್ತುವಾಗ ಅದರಲ್ಲಿ ಭಾರಿ ಕರೆಂಟು ಒಂದೇ ದಿಕ್ಕಿಗೆ ಹರಿಯುತ್ತೆ. ರಿಪೇರಿ ಆಗಿ ಬಂದ ಡ್ರೋನ್‌ನಲ್ಲಿ ವೈರನ್ನ ಕಂಪಾಸ್ ಹತ್ತಿರ ಎಳೆದಿದ್ರೆ, ಖಾಲಿ ಇದ್ದಾಗ ಸರಿಯಾಗಿ ಹಾರಿ, ಟ್ಯಾಂಕ್ ತುಂಬಿದಾಗ ಮಾತ್ರ ಸುತ್ತುತ್ತೆ.

ಕ್ಯಾಮೆರಾ

ಪರದೆಯ ಮೇಲಿನ ಚಿತ್ರ ನಿಂತುಹೋದ್ರೆ ಡ್ರೋನ್ ಕೈತಪ್ಪಿದೆ ಅಂತಲ್ಲ. ಚಿತ್ರಕ್ಕೆ ಜಾಸ್ತಿ ಸಿಗ್ನಲ್ ಬೇಕು, ಆಜ್ಞೆಗೆ ಕಮ್ಮಿ ಸಾಕು, ಹಾಗಾಗಿ ಮೊದಲು ಚಿತ್ರ ಹೋಗುತ್ತೆ. ತಲೆ ಎತ್ತಿ ಡ್ರೋನ್ ಕಡೆ ನೋಡಿ. ಚಿತ್ರ ಬರ್ತಿದ್ರೂ ಅದು ಹಳೇದು: ಐದನೇ ಒಂದು ಸೆಕೆಂಡ್ ತಡವಾದ್ರೂ ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಡ್ರೋನ್ ಆಗಲೇ 1 ಮೀಟರ್ ಮುಂದೆ ಹೋಗಿರುತ್ತೆ.

ಕೆಲವು ಡ್ರೋನ್‌ಗಳಲ್ಲಿ ಕೆಳಗೆ ನೋಡೋ ಕ್ಯಾಮೆರಾ ನೆಲದ ಗುರುತುಗಳನ್ನ ಹಿಡಿದು ಜಾಗ ಕಾಯುತ್ತೆ. ನೆಲ ಅಲುಗಾಡಬಾರದು ಅನ್ನೋದು ಅದರ ನಂಬಿಕೆ. ರೆಕ್ಕೆಗಾಳಿಗೆ ಬೆಳೆ ಅಲೆಅಲೆಯಾಗಿ ಬಾಗಿದಾಗ, ನಾಟಿ ಮಾಡಿದ ಗದ್ದೆಯ ನೀರಿನಲ್ಲಿ ಮೋಡ ಓಡಿದಾಗ ಅದು ತಾನೇ ಓಡ್ತಿದೀನಿ ಅಂದ್ಕೊಳ್ಳುತ್ತೆ. ಕೆರೆ ಅಚ್ಚುಕಟ್ಟಿನ ಗದ್ದೆಗಳವರು ಇದನ್ನ ನೆನಪಿಡಿ. ಮಬ್ಬಾದ ಮೇಲೂ ಅದಕ್ಕೆ ಕಣ್ಣು ಕಾಣಲ್ಲ. ಬೇವಿನೆಣ್ಣೆ, ಜೀವಾಮೃತ ಹೊಡೆದ್ರೆ ಗಾಜಿನ ಮೇಲೆ ಪೊರೆ ಕಟ್ಟುತ್ತೆ, ಪ್ರತಿ ಸಲ ಟ್ಯಾಂಕ್ ತುಂಬಿಸುವಾಗ ಮೆತ್ತನೆ ಬಟ್ಟೆಯಲ್ಲಿ ಒರೆಸಿ.

ಬಿದ್ದೇ ಬಿಟ್ರೆ

ದೊಡ್ಡವರದ್ದೂ ಬೀಳುತ್ತೆ. ಡಿಆರ್‌ಡಿಒ ಪರೀಕ್ಷೆಗೆ ಹಾರಿಸಿದ್ದ ವಿಮಾನದಂಥ ಡ್ರೋನ್ 2019ರ ಸೆಪ್ಟೆಂಬರ್ 17ರಂದು ಚಿತ್ರದುರ್ಗ ಜಿಲ್ಲೆಯ ಜೋಡಿಚಿಕ್ಕೇನಹಳ್ಳಿಯಲ್ಲಿ, ಇನ್ನೊಂದು 2023ರ ಆಗಸ್ಟ್ 20ರಂದು ಹಿರಿಯೂರು ತಾಲ್ಲೂಕಿನ ವದ್ದಿಕೆರೆಯಲ್ಲಿ ರೈತರ ಜಮೀನಿಗೇ ಬಿತ್ತು. ಎರಡೂ ಸಲ ಜನ ಸುತ್ತ ಸೇರಿದ್ರು. ನಿಮ್ಮಲ್ಲಿ ಹಾಗಾದ್ರೆ ಮೊದಲು ಜನರನ್ನ ದೂರ ಇಡಿ. ಪೆಟ್ಟು ತಿಂದ ಲಿಥಿಯಂ ಬ್ಯಾಟರಿ ತಡವಾಗಿ ಹೊತ್ತಿಕೊಳ್ಳಬಹುದು, ಹುಲ್ಲಿನ ಮೆದೆ, ಕೊಟ್ಟಿಗೆ ಹತ್ತಿರ ಒಯ್ಯಬೇಡಿ, ಬಯಲಲ್ಲಿ ಮರಳಿನ ಮೇಲಿಡಿ. ಆಮೇಲೆ ಸೊಪ್ಪಿನ ತೋಟದವರಿಗೆ ಅವತ್ತೇ ಫೋನ್ ಮಾಡಿ, ಟ್ಯಾಂಕಿನಲ್ಲಿ ಏನಿತ್ತು ಅಂತ ಹೆಸರು ಸಮೇತ ಹೇಳಿ. ಮುಚ್ಚಿಟ್ರೆ ಮರುದಿನ ಅವರು ಅದೇ ಸೊಪ್ಪು ಹಾಕ್ತಾರೆ.

2021ರ ಡ್ರೋನ್ ನಿಯಮಗಳ ಪ್ರಕಾರ ಜನಕ್ಕೆ ಪೆಟ್ಟಾಗೋ ಅಪಘಾತವನ್ನ 48 ಗಂಟೆಯೊಳಗೆ ಡಿಜಿಟಲ್ ಸ್ಕೈನಲ್ಲಿ ವರದಿ ಮಾಡಬೇಕು. ಔಷಧಿ ಡ್ರೋನ್‌ಗೆ ನೋಂದಣಿ ಸಂಖ್ಯೆ, ಪೈಲಟ್ ಪ್ರಮಾಣಪತ್ರ, ಮೂರನೆಯವರ ವಿಮೆ ಮೂರೂ ಬೇಕು. ವಿಮೆಯ ಪ್ರತಿಯನ್ನ ಹಾರಿಸೋ ಮೊದಲೇ ವಾಟ್ಸಾಪ್‌ಗೆ ಹಾಕಿಸ್ಕೊಳ್ಳಿ. ಏನಾದ್ರೂ ಆದ್ರೆ ಹಾರಾಟದ ಲಾಗ್ ಫೈಲ್ ಅಳಿಸೋಕೆ ಬಿಡಬೇಡಿ. ಸ್ಯಾಟಲೈಟ್ ಎಷ್ಟಿತ್ತು, ಕಂಪಾಸ್ ಏನು ತೋರಿಸ್ತಿತ್ತು, ಸಿಗ್ನಲ್ ಯಾವ ಸೆಕೆಂಡಿಗೆ ಹೋಯ್ತು, ಪಂಪ್ ಯಾವಾಗ ನಿಲ್ತು, ಎಲ್ಲಾ ಅದರಲ್ಲಿರುತ್ತೆ. ಗಾಳಿಯ ತಪ್ಪೋ, ಪೈಲಟ್ ತಪ್ಪೋ, ಕಾಂಕ್ರೀಟಿನ ತಪ್ಪೋ ಅಂತ ಪಂಚಾಯ್ತಿ ಕಟ್ಟೆಯಲ್ಲಿ ಕೂಗಾಡೋ ಬದಲು ಆ ಫೈಲ್ ತೆರೆದು ತೋರಿಸಿ ಅಂತ ಕೇಳಿ.